ದೊಡ್ಡ ಪದಗಳ ಸಹವಾಸ

ಐಯೆಲ್ಟ್ಸ್ ಅನ್ನುವ ಹೆಸರನ್ನು ಸರಿಯಾಗಿ ಹೇಳುವುದನ್ನೇ ಮೊದಲ ಪ್ರಶ್ನೆಯಾಗಿ ಇಟ್ಟಿದ್ದರೆ ನನ್ನಂಥ ಎಷ್ಟೋ ಜನ ಬಾಗಿಲಿಂದಲೇ ಮನೆಗೆ ಬಂದಿರುತ್ತಿದ್ದೆವು, ದುಡ್ಡೂ ಉಳಿಯುತ್ತಿತ್ತು. 1989ರಿಂದ ನಡೆಯುತ್ತಿರುವ ಈ ಇಂಗ್ಲಿಷ್ ಪರೀಕ್ಷೆಯಲ್ಲಿ ಪಾಸು ಫೇಲು ಅನ್ನುವುದಿಲ್ಲ. ಸೊನ್ನೆಯಿಂದ 9ರವರೆಗೆ ಬ್ಯಾಂಡುಗಳಿವೆ, ನಡುನಡುವೆ ಅರ್ಧ ಬ್ಯಾಂಡುಗಳಿವೆ, ಅಷ್ಟೆ. ಫೇಲೇ ಇಲ್ಲದ ಪರೀಕ್ಷೆ ಅಂತ ಕೇಳಿದಾಗ, ಎಸ್ಸೆಸ್ಸೆಲ್ಸಿ ಗಣಿತದ ಗಾಯ ಇನ್ನೂ ಆರದ ನನಗೆ ಎಷ್ಟು ಸಮಾಧಾನವಾಗಿತ್ತು! ಫೇಲು ಮಾಡುವ ಜವಾಬ್ದಾರಿಯನ್ನು ಅವರು ಬೇರೆಯವರಿಗೆ ವಹಿಸಿಕೊಟ್ಟಿದ್ದಾರೆ ಅನ್ನುವುದು ಆಮೇಲೆ ಗೊತ್ತಾಯಿತು: ಯೂನಿವರ್ಸಿಟಿಗೆ, ವೀಸಾ ಆಫೀಸಿಗೆ, ಹೆಂಡತಿಗೆ.

ನನ್ನನ್ನು ಇದಕ್ಕೆ ತಳ್ಳಿದ್ದು ಕೆನಡಾ. ಅಲ್ಲಿಗೆ ಹೋಗಿ ನೆಲೆಸಬೇಕೆಂದರೆ ಎಕ್ಸ್‌ಪ್ರೆಸ್ ಎಂಟ್ರಿ ಅಂತ ಒಂದು ಲೆಕ್ಕಾಚಾರ. ಓದಿಗೆ ಇಷ್ಟು ಅಂಕ, ಅನುಭವಕ್ಕೆ ಇಷ್ಟು, ಭಾಷೆಗೆ ಇಷ್ಟು, ವಯಸ್ಸಿಗೆ ಇಷ್ಟು. ವಯಸ್ಸಿನ ಅಂಕ 20ರಿಂದ 29ರವರಿಗೆ ಪೂರ್ತಿ ಸಿಗುತ್ತದೆ, 30ರಿಂದ ಮೆಟ್ಟಿಲಿಳಿಯಲು ಶುರುವಾಗಿ 45ಕ್ಕೆ ಸೊನ್ನೆ. ಆ ಪಟ್ಟಿ ನನ್ನ ಕಣ್ಣಿಗೆ ಬಿದ್ದದ್ದು 38ರಲ್ಲಿ. ಪ್ರತಿ ಹುಟ್ಟುಹಬ್ಬಕ್ಕೂ ಕೇಕು ತಿನ್ನುತ್ತಾ ನಾನು ಕಳೆದುಕೊಳ್ಳುತ್ತಿದ್ದುದು ಕೂದಲನ್ನು ಮಾತ್ರ ಅಂದುಕೊಂಡಿದ್ದೆ. ವಯಸ್ಸು ಕಿತ್ತುಕೊಂಡದ್ದನ್ನು ಇಂಗ್ಲಿಷೇ ವಾಪಸ್ ತಂದುಕೊಡಬೇಕಿತ್ತು. ಒಳ್ಳೆಯ ಅಂಕ ಬೇಕೆಂದರೆ ಲಿಸನಿಂಗಿನಲ್ಲಿ 8, ರೀಡಿಂಗ್, ರೈಟಿಂಗ್, ಸ್ಪೀಕಿಂಗಿನಲ್ಲಿ 7. ಮೊದಲ ಸಲ ಮೂರು ದಕ್ಕಿದವು. ರೈಟಿಂಗ್ ಮಾತ್ರ 6ರಲ್ಲಿ ಕೂತುಬಿಟ್ಟಿತು.

ಅಲ್ಲಿಗೆ ನಾನು ಸುಮ್ಮನೆ ಒಂದಷ್ಟು ಪ್ರಬಂಧ ಬರೆದು ಅಭ್ಯಾಸ ಮಾಡಿದ್ದರೆ ಈ ಲೇಖನ ಹುಟ್ಟುತ್ತಿರಲಿಲ್ಲ. ಆದರೆ ನನಗೆ ಒಂದು ಚಟ. ಯಾವುದೇ ಕೆಲಸ ಕೆಟ್ಟರೂ ಅದರ ಹಿಂದೆ ಒಂದು ಗುಟ್ಟಿದೆ, ಅದು ನನಗೊಬ್ಬನಿಗೆ ಗೊತ್ತಾಗಿಲ್ಲ ಅನ್ನಿಸುತ್ತದೆ. ಹುಡುಕಿದೆ. ಪರೀಕ್ಷೆಯವರು ಅಂಕ ಕೊಡುವ ಬಗೆಯನ್ನು ಬಚ್ಚಿಟ್ಟಿಲ್ಲ, ಎಲ್ಲರೂ ಓದಲಿ ಅಂತ ಪ್ರಕಟಿಸಿದ್ದಾರೆ. ಬರವಣಿಗೆಗೂ ಮಾತಿಗೂ ನಾಲ್ಕು ನಾಲ್ಕು ಮಾನದಂಡ, ನಾಲ್ಕಕ್ಕೂ ಸಮಪಾಲು. ಅದರಲ್ಲೊಂದು ಲೆಕ್ಸಿಕಲ್ ರಿಸೋರ್ಸ್, ಅಂದರೆ ನಮ್ಮ ಪದಗಳ ಗಂಟು. 7ನೇ ಬ್ಯಾಂಡಿನವರು ಅಷ್ಟಾಗಿ ಬಳಕೆಯಲ್ಲಿಲ್ಲದ ಪದಗಳನ್ನೂ ಬಳಸುತ್ತಾರೆ, ಅದೂ ಯಾವ ಪದ ಎಲ್ಲಿ ಒಪ್ಪುತ್ತದೆ, ಯಾವುದರ ಜೊತೆ ಹೊಂದುತ್ತದೆ ಅನ್ನುವ ತಿಳಿವಳಿಕೆಯಿಂದ ಬಳಸುತ್ತಾರೆ ಎಂಬ ಅರ್ಥದ ವಾಕ್ಯ ಅಲ್ಲಿತ್ತು. ನಾನು ಆ ವಾಕ್ಯದ ಮೊದಲ ಅರ್ಧ ಓದಿ, ಗುಟ್ಟು ಸಿಕ್ಕಿತೆಂದು ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ.

ಮಾರನೆಯ ಭಾನುವಾರವೇ ಅವೆನ್ಯೂ ರೋಡಿಗೆ ಹೋದೆ. ಅಲ್ಲಿನ ಹಳೆ ಪುಸ್ತಕದ ರಾಶಿಗಳಲ್ಲಿ ನಾರ್ಮನ್ ಲೂಯಿಸ್ 1949ರಲ್ಲಿ ಬರೆದ ‘ವರ್ಡ್ ಪವರ್ ಮೇಡ್ ಈಜಿ’ ಸಿಗದ ದಿನವಿಲ್ಲ. ನಿಮ್ಮ ಮನೆಯಲ್ಲೂ ಒಂದು ಇರುತ್ತದೆ, ಅಟ್ಟದ ಮೇಲೆ ಹುಡುಕಿ. ನಾನು ಕೊಂಡ ಪ್ರತಿಯಲ್ಲಿ ಹಳೆಯ ಒಡೆಯರು ಮೊದಲ ಅಧ್ಯಾಯಗಳ ಉದ್ದಕ್ಕೂ ಪೆನ್ಸಿಲಿನಿಂದ ಗೆರೆ ಎಳೆದಿದ್ದರು, ಪಕ್ಕದಲ್ಲಿ ಮುದ್ದಾದ ಅಕ್ಷರದಲ್ಲಿ ಕನ್ನಡ ಅರ್ಥ ಬರೆದಿದ್ದರು. ಬಗೆಬಗೆಯ ಸ್ವಭಾವದವರ ಹೆಸರು ಕಲಿಸುವ ಅಧ್ಯಾಯ ಮುಗಿದು, ಬಗೆಬಗೆಯ ಡಾಕ್ಟರುಗಳ ಹೆಸರು ಕಲಿಸುವ ಅಧ್ಯಾಯ ಬರುತ್ತದಲ್ಲ, ಅದರ ನಡುವೆ ಎಲ್ಲೋ ಪೆನ್ಸಿಲ್ ನಿಂತುಹೋಗಿತ್ತು. ಅಲ್ಲಿಂದಾಚೆ ಹೊಚ್ಚ ಹೊಸ ಪುಸ್ತಕ. ಈ ನಾಡಿನಲ್ಲಿ ಚರ್ಮದ ಡಾಕ್ಟರಿಗೂ ಕಣ್ಣಿನ ಡಾಕ್ಟರಿಗೂ ಇಂಗ್ಲಿಷಿನಲ್ಲಿ ಏನನ್ನುತ್ತಾರೆಂದು ಇಷ್ಟೊಂದು ಜನಕ್ಕೆ ಗೊತ್ತಿರುವುದರ ಹಿಂದೆ ಇದೇ ಪುಸ್ತಕ ಇದೆಯೆಂದು ನನ್ನ ಗುಮಾನಿ. ನಾನು ಅವರಿಗಿಂತ ಮುಂದೆ ಹೋಗುತ್ತೇನೆಂದು ಪಣ ತೊಟ್ಟೆ. ಅದೇ ಪುಟದ ಹತ್ತಿರ ನನಗೂ ನಿದ್ದೆ ಬಂತು.

ಯಾರೋ ಪುಣ್ಯಾತ್ಮರು ಇನ್ನೊಂದು ಪಟ್ಟಿ ಕಳಿಸಿದರು. ನ್ಯೂಜಿಲೆಂಡಿನ ಆವ್ರಿಲ್ ಕಾಕ್ಸ್‌ಹೆಡ್ ಎಂಬ ವಿದ್ವಾಂಸೆ, ಕಾಲೇಜು ಮಟ್ಟದ ಬರಹಗಳಲ್ಲಿ ಪದೇ ಪದೇ ಬರುವ 570 ಪದಕುಟುಂಬಗಳನ್ನು ಆರಿಸಿ 2000ರಲ್ಲಿ ಪ್ರಕಟಿಸಿದ ಪಟ್ಟಿ. ಇಂಥ ಪರೀಕ್ಷೆಗೆ ಕೂರುವವರಿಗೆ ಅದಕ್ಕಿಂತ ಉಪಯೋಗದ್ದು ಕಮ್ಮಿ. ತೆರೆದು ನೋಡಿದೆ. ಏರಿಯಾ. ಇನ್‌ಕಮ್. ಲೇಬರ್. ಪರ್ಸೆಂಟ್. ಪಾಲಿಸಿ. ಸೆಕ್ಷನ್. ನನಗೆ ನಗು ಬಂತು. ಇವನ್ನು ನಮ್ಮ ವಿಜಯನಗರದ ಆಟೋ ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಎಂಟು ಗಂಟೆಯೊಳಗೆ ಎಲ್ಲರೂ ಬಳಸಿ ಮುಗಿಸಿರುತ್ತಾರೆ, ಇವನ್ನು ಕಲಿಯಲು ನಾನು ಕೆನಡಾಕ್ಕೆ ಹೋಗಬೇಕಾ ಅಂತ ಪಟ್ಟಿಯನ್ನು ಪಕ್ಕಕ್ಕಿಟ್ಟೆ. ನನಗೆ ಬೇಕಾಗಿದ್ದುದು ನೋಡಿದ ಕೂಡಲೇ ಪರೀಕ್ಷಕರು ಎದ್ದು ನಿಲ್ಲುವಂಥ ಪದಗಳು. ಯುಬಿಕ್ವಿಟಸ್! ಪ್ಲೆಥೊರಾ! ಎಕ್ಸಾಸರ್ಬೇಟ್! ಇವು ಸಿಕ್ಕ ಇನ್ನೊಂದು ಪಟ್ಟಿಯನ್ನು ಪ್ರಿಂಟ್ ಹಾಕಿಸಿ, ಸ್ಪೈರಲ್ ಬೈಂಡ್ ಮಾಡಿಸಿ, ಮೊದಲ ಪುಟಕ್ಕೆ ಅರಿಶಿನ ಕುಂಕುಮ ಹಚ್ಚಿದೆ.

ಪದಗಳನ್ನು ದಿನನಿತ್ಯದ ವಸ್ತುಗಳ ಜೊತೆ ಜೋಡಿಸಿದರೆ ನೆನಪಿನಲ್ಲಿ ಉಳಿಯುತ್ತವೆ ಅಂತ ಎಲ್ಲರೂ ಹೇಳುತ್ತಾರೆ. ಹಳದಿ ಅಂಟುಚೀಟಿಯ ಕಟ್ಟುಗಳನ್ನು ತಂದೆ. ಒಂದೇ ರಾತ್ರಿಯಲ್ಲಿ ಮನೆ ಹಳದಿಯಾಯಿತು. ಒಂದು ಕಾಲು ಅಲ್ಲಾಡುವ ಸ್ಟೂಲಿನ ಮೇಲೆ ‘ಪ್ರಿಕೇರಿಯಸ್’, ಇಂಗಿನ ಡಬ್ಬದ ಮೇಲೆ ‘ಪಂಜೆಂಟ್’, ತಲೆನೋವಿನ ಮುಲಾಮಿನ ಮೇಲೆ ‘ಅಲೀವಿಯೇಟ್’, ನನ್ನ ಪರ್ಸಿನ ಮೇಲೆ ‘ಸ್ಕೇರ್ಸ್’. ಹೆಂಡತಿ ಮೊದಲ ದಿನ ಏನೂ ಅನ್ನಲಿಲ್ಲ. ಎರಡನೆಯ ದಿನ ಊಟಕ್ಕೆ ಕೂತಾಗ ಸೌಟಿನ ತುದಿಯಲ್ಲಿ ಏನನ್ನೋ ಎತ್ತಿ ಹಿಡಿದಳು. “ರೀ, ಹುಳಿಯಲ್ಲಿ ನಿಮ್ಮ ಪಂಜೆಂಟು ಬೆಂದಿದೆ. ನಿಮ್ಮ ತಟ್ಟೆಗೇ ಹಾಕ್ಲಾ?” ಶಾಯಿಯೆಲ್ಲ ಬಿಟ್ಟು ಚೀಟಿ ಬೆಳ್ಳಗಾಗಿತ್ತು. ಇಡೀ ಸಂಸಾರ ಅಂದು ಆ ಪದವನ್ನು ನುಂಗಿತು. ನೆನಪಿನಲ್ಲಿ ಉಳಿಯಲಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ.

ಇದಾದ ಮೇಲಾದರೂ ಚೀಟಿ ಕೀಳಬಹುದಿತ್ತು. ನಮ್ಮ ಮಾವ ಆಗ ಮದ್ದೂರಿನಿಂದ ಬಂದು ನಮ್ಮಲ್ಲೇ ಇದ್ದರು. ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ರಿಟೈರ್ ಆದವರು. ಇದನ್ನು ಮೊದಲೇ ಹೇಳಬೇಕಿತ್ತು ಅಂತ ನೀವು ಅನ್ನಬಹುದು. ಮನೆಯೊಳಗೆ ಇಂಗ್ಲಿಷ್ ಮೇಷ್ಟ್ರನ್ನು ಇಟ್ಟುಕೊಂಡು ಅವೆನ್ಯೂ ರೋಡಿಗೆ ಹೋದವನ ಮನಃಸ್ಥಿತಿಯನ್ನು ದಯವಿಟ್ಟು ಅರ್ಥಮಾಡಿಕೊಳ್ಳಿ: ಅಳಿಯನಾದವನಿಗೆ ಮಾವನ ಹತ್ತಿರ ಎಲ್ಲ ಕೇಳಬಹುದು, ಪಾಠ ಕೇಳುವುದಕ್ಕಾಗುವುದಿಲ್ಲ. ಹಾಲಿನಲ್ಲಿ ಅವರು ಕೂರುವ ಬೆತ್ತದ ಕುರ್ಚಿ. ಅದರ ಹಿಂದಿನ ಶೆಲ್ಫಿನಲ್ಲಿ ಕೆಟ್ಟುಹೋದ ಹಳೆಯ ರೇಡಿಯೋ. ರೇಡಿಯೋಗೆ ನಾನು ಅಂಟಿಸಿದ್ದ ಪದ ‘ಆಬ್ಸಲೀಟ್’. ಕಾಲ ಮುಗಿದದ್ದು, ಬಳಕೆ ತಪ್ಪಿದ್ದು ಅಂತ ಅರ್ಥ. ಫ್ಯಾನಿನ ಗಾಳಿಗೆ ಅದು ರೇಡಿಯೋ ಬಿಟ್ಟು ಕುರ್ಚಿಗೆ ಇಳಿದಿದೆ. ಬೆಳಿಗ್ಗೆ ಮಾವ ಕುರ್ಚಿಗೆ ಒರಗಿ ಪೇಪರ್ ಓದಿ, ಎದ್ದು, ಕೈಚೀಲ ಹಿಡಿದು ಹೊರಟಿದ್ದಾರೆ. ಬಿಳಿ ಜುಬ್ಬದ ಬೆನ್ನಿನ ಸರಿಯಾಗಿ ನಟ್ಟನಡುವೆ ಹಳದಿ ಚೀಟಿ. ದಪ್ಪ ಮಾರ್ಕರಿನಲ್ಲಿ ನನ್ನದೇ ಅಕ್ಷರ.

ಅವರ ಬೆಳಗಿನ ದಾರಿ ಚಿಕ್ಕದಲ್ಲ. ನಂದಿನಿ ಬೂತಿನ ಸಾಲು. ಆಂಜನೇಯನ ಗುಡಿ, ಅಲ್ಲಿ ಪ್ರದಕ್ಷಿಣೆ. ಆಮೇಲೆ ಪಾರ್ಕಿನಲ್ಲಿ ಹಿರಿಯರ ವಾಕಿಂಗ್ ಬಳಗ, ಅಲ್ಲೂ ಸುತ್ತು. ಹಿಂದಿನಿಂದ ನಡೆಯುವವರಿಗೆಲ್ಲ ಓದಲು ಬೇಕಾದಷ್ಟು ಸಮಯ. ಅವರು ಮನೆಗೆ ಬಂದು ಹಾಲಿನ ಪ್ಯಾಕೆಟ್ ಕೊಡಲು ಬಗ್ಗಿದಾಗ ನನ್ನ ಹೆಂಡತಿ ನೋಡಿದಳು. ನೋಡಿ ನನ್ನ ಕಡೆ ತಿರುಗಿದ ಆ ನೋಟಕ್ಕೆ ಯಾವ ಪಟ್ಟಿಯಲ್ಲೂ ಪದವಿಲ್ಲ. ಚೀಟಿಯನ್ನು ಕಿತ್ತು ಮುಚ್ಚಿಡುವಷ್ಟರಲ್ಲಿ ಮಾವ ಕೈ ಚಾಚಿದರು. ಕನ್ನಡಕ ಹಾಕಿಕೊಂಡರು. ಓದಿದರು. ಮನೆ ಸ್ತಬ್ಧ. ಜೇಬಿನಿಂದ ಕೆಂಪು ಪೆನ್ನು ತೆಗೆದರು. ರಿಟೈರಾದ ಮೇಲೂ ಅವರು ಕೆಂಪು ಪೆನ್ನು ಇಟ್ಟುಕೊಳ್ಳುತ್ತಾರೆ ಅಂತ ನನಗೆ ಆವತ್ತೇ ಗೊತ್ತಾದದ್ದು.

“ಬಿ ಆದ್ಮೇಲೆ ಎಸ್ಸು ಬರದ್ರಿ, ಸರಿ. ಎಸ್ಸಾದ್ಮೇಲೆ ಓ ಬರ್ಬೇಕಲ್ವಾ ಅಳಿಯಂದ್ರೆ? ಇಲ್ಲಿ ಇ ಯಾಕ್ ಬಂತು?”

ಇ ಹೊಡೆದು ಓ ಬರೆದು, ಚೀಟಿ ನನ್ನ ಕೈಗಿತ್ತು, ಸ್ನಾನಕ್ಕೆ ಹೋದರು. ಊರೆಲ್ಲ ತನ್ನ ಬೆನ್ನ ಮೇಲೆ ಅಂಥ ಮಾತು ಓದಿತೆಂಬ ಬೇಸರವಿಲ್ಲ, ತಪ್ಪು ಸ್ಪೆಲಿಂಗ್ ಓದಿತಲ್ಲಾ ಅನ್ನುವ ಸಂಕಟ ಅವರಿಗೆ. ನಾನು ಅಂದು ಆಫೀಸಿಗೆ ಒಂದು ಗಂಟೆ ಮೊದಲೇ ಹೊರಟೆ.

ಹೀಗೆ ಪಟ್ಟಿ ಉರು ಹೊಡೆಯುವವರಿಗೆ ಒಂದು ಅಪಾಯ ಕಾದಿರುತ್ತದೆ. ಅಕಾರಾದಿಯಾಗಿ ಕಲಿತ ಪದಗಳು ತಲೆಯೊಳಗೂ ಅಕಾರಾದಿಯಾಗಿಯೇ ಕೂರುತ್ತವೆ, ಅಕ್ಕಪಕ್ಕದವು ಹೊಂದಿಕೊಂಡು ಒಂದರ ಅಂಗಿ ಇನ್ನೊಂದು ತೊಡುತ್ತವೆ. ಜರ್ಮನಿಯ ಎಬಿಂಗ್‌ಹೌಸ್ ಅನ್ನುವ ಮಹಾನುಭಾವ ಅರ್ಥವೇ ಇಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಅಳೆದು 1885ರಲ್ಲಿ ಪುಸ್ತಕ ಬರೆದ. ಮರೆವು ಮೊದಮೊದಲಿಗೇ ಧಡಧಡ ಆಗಿ ಆಮೇಲೆ ನಿಧಾನವಾಗುತ್ತದೆಂದು ಅವನು ಕಂಡುಕೊಂಡದ್ದು. ಒಳ್ಳೆಯದೇ. ಪೂರ್ತಿ ಮರೆತವನು ಬಾಯಿ ಮುಚ್ಚಿಕೊಂಡಾದರೂ ಇರುತ್ತಾನೆ. ನನ್ನ ಹಾಗೆ ಪದ ನೆನಪಿದ್ದು ಅರ್ಥ ಪಕ್ಕದ ಮನೆಗೆ ಹೋಗಿರುವವನ ಗತಿ ಏನು?

ನಮ್ಮ ಆಫೀಸಿಗೆ ಗ್ರಾಹಕ ಕಂಪನಿಯೊಂದರಿಂದ ದೂರು ಬಂದಿತ್ತು, ಕೆಲಸ ತಡವಾಗುತ್ತಿದೆ ಅಂತ. ‘ಬೇಗ ಮುಗಿಸುತ್ತೇವೆ’ ಅಂತ ಬರೆದರೆ ಮುಗಿದಿತ್ತು. ಆ ವಾರ ನಾನು ‘ಇ’ ಅಕ್ಷರದಲ್ಲಿದ್ದೆ. ಚುರುಕುಗೊಳಿಸು ಅನ್ನಲು ‘ಎಕ್ಸ್‌ಪಿಡೈಟ್’ ಅಂತ ಒಂದು ಪದವಿದೆ. ಇದ್ದ ಸಮಸ್ಯೆಯನ್ನು ಇನ್ನಷ್ಟು ಹದಗೆಡಿಸು ಅನ್ನಲು ‘ಎಕ್ಸಾಸರ್ಬೇಟ್’ ಅಂತ ಇನ್ನೊಂದು. ಎರಡೂ ಒಂದೇ ಪುಟದಲ್ಲಿದ್ದವು. ನಮ್ಮ ಬಾಸು, ಬಾಸಿನ ಬಾಸು, ಅವರ ಕಡೆಯ ಮ್ಯಾನೇಜರುಗಳು, ಎಲ್ಲರನ್ನೂ ಸೇರಿಸಿ ನಾನು ಕಳಿಸಿದ ಮೇಲ್ ಅವರಿಗೆ ಭರವಸೆ ಕೊಟ್ಟಿತು: ನಮ್ಮ ತಂಡದ ಎಲ್ಲರೂ ಶನಿವಾರವೂ ಬಂದು ಕೂತು ನಿಮ್ಮ ಸಮಸ್ಯೆಯನ್ನು ಎಕ್ಸಾಸರ್ಬೇಟ್ ಮಾಡುತ್ತೇವೆ.

ಎರಡೇ ಪದದ ಉತ್ತರ ಬಂತು. “ಪ್ಲೀಸ್ ಡೋಂಟ್.”

ಎದೆ ಧಸಕ್ಕೆಂದು ನಿಘಂಟು ನೋಡಿದೆ. ಕೂಡಲೇ ರೀಕಾಲ್ ಒತ್ತಿದೆ. ರೀಕಾಲ್ ಒತ್ತಿದವರಿಗೆ ಮುಂದಿನದು ಗೊತ್ತೇ ಇದೆ. ಇಂಥವರು ಇಂಥ ಮೇಲನ್ನು ಹಿಂದಕ್ಕೆ ಪಡೆಯಲು ಬಯಸಿದ್ದಾರೆ ಅಂತ ಎಲ್ಲರಿಗೂ ಡಂಗುರ ಹೋಯಿತು. ಅಲ್ಲಿಯವರೆಗೆ ತೆರೆಯದಿದ್ದವರೂ ಕುತೂಹಲದಿಂದ ತೆರೆದು ಓದಿದರು. ಆ ಶನಿವಾರ ನಾನೊಬ್ಬನೇ ಆಫೀಸಿಗೆ ಹೋಗಿ ಕೂತಿದ್ದೆ, ಯಾವುದನ್ನೂ ಹದಗೆಡಿಸದೆ ಮನೆಗೆ ಬಂದೆ.

ಬರೆಯುವುದರಲ್ಲಿ ಮಾನ ಹೋದರೆ ಮಾತಿನಲ್ಲಿ ಗಳಿಸೋಣ ಅನ್ನುವಷ್ಟರಲ್ಲಿ ಅವಕಾಶ ತಾನಾಗಿ ಬಂತು. ಆಫೀಸಿನ ಹಿರಿಯರೊಬ್ಬರು ನಿವೃತ್ತರಾಗುತ್ತಿದ್ದರು. ನನಗೆ ಕೆಲಸ ಕಲಿಸಿದವರು, ತಿಂಗಳ ಕೊನೆಯಲ್ಲಿ ನನಗೆ ಸಾಲ ಕೊಟ್ಟವರು. ಶಾಲು, ಹಾರ, ಮೈಸೂರು ಪೇಟ, ಸಮೋಸ, ಎಲ್ಲ ಸಿದ್ಧ. ನಾಲ್ಕು ಮಾತು ಆಡಿ ಅಂದರು. ‘ಇಂಡಿಸ್ಪೆನ್ಸಬಲ್’ ಅನ್ನುವ ಪದವನ್ನು ನಾನು ಹಿಂದಿನ ರಾತ್ರಿಯೆಲ್ಲ ತಿದ್ದಿಕೊಂಡಿದ್ದೆ, ಇವರಿಲ್ಲದೆ ನಡೆಯುವುದೇ ಇಲ್ಲ ಅನ್ನುವ ಅರ್ಥದ್ದು. ಮೈಕು ಕೈಗೆ ಬಂತು. ಬೆವರಿಗೆ ಮೈಕೂ ಜಾರುತ್ತಿತ್ತು, ಪದವೂ ಜಾರಿತು. ಮುಂದಿನ ‘ಇನ್’ ಗಂಟಲಲ್ಲೇ ಉಳಿದು, ಹಿಂದಿನ ‘ಡಿಸ್ಪೆನ್ಸಬಲ್’ ಮಾತ್ರ ಸ್ಪೀಕರಿನಲ್ಲಿ ಗಂಟೆ ಹೊಡೆದಂತೆ ಮೊಳಗಿತು. ಸರ್ ಇಷ್ಟು ವರ್ಷ ಈ ಆಫೀಸಿಗೆ ಸಂಪೂರ್ಣವಾಗಿ ಡಿಸ್ಪೆನ್ಸಬಲ್ ಆಗಿದ್ದರು ಅಂದೆ, ಅಂದರೆ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಚಪ್ಪಾಳೆ ಬರಲಿಲ್ಲವಲ್ಲ, ಕೇಳಿಸಿಲ್ಲವೇನೋ ಅಂದುಕೊಂಡು ಇನ್ನೊಂದು ಸಲ ಗಟ್ಟಿಯಾಗಿ ಹೇಳಿದೆ. ಮೊದಲು ನಕ್ಕವರು ಅವರೇ. ಪೇಟ ಜಾರದ ಹಾಗೆ ಒಂದು ಕೈಯಲ್ಲಿ ಹಿಡಿದುಕೊಂಡು ನಕ್ಕರು. “ನಾನು ಕೆಲಸಕ್ಕೆ ಸೇರಿದಾಗಿನಿಂದ ಯಾರಾದರೂ ಒಬ್ಬರು ನಿಜ ಹೇಳಲಿ ಅಂತ ಕಾಯ್ತಾ ಇದ್ದೆ ಕಣಯ್ಯ,” ಅಂದು ಬೆನ್ನು ತಟ್ಟಿದರು. ಅವರು ಕೊಟ್ಟ ಸಮೋಸ ನನ್ನ ಗಂಟಲಲ್ಲಿ ಆ ‘ಇನ್’ ಪಕ್ಕದಲ್ಲೇ ಸಿಕ್ಕಿಕೊಂಡಿತು.

ಇಷ್ಟೆಲ್ಲ ಶಕುನವಾದ ಮೇಲೂ ಪರೀಕ್ಷೆಗೆ ಹೋದೆ. ಪ್ರಶ್ನೆಗಳನ್ನು ಹೊರಗೆ ಹೇಳಬಾರದೆಂದು ಸಹಿ ಮಾಡಿಸಿಕೊಂಡಿರುತ್ತಾರೆ. ನನ್ನ ಉತ್ತರಗಳನ್ನು ಹೇಳಬಾರದು ಅಂತ ಯಾರೂ ಸಹಿ ಹಾಕಿಸಿಲ್ಲ, ಹಾಕಿಸಿದ್ದರೆ ಒಳ್ಳೆಯದಿತ್ತು. ಮೊದಲು ಲಿಸನಿಂಗ್. ರೆಕಾರ್ಡಿಂಗನ್ನು ಒಂದೇ ಸಲ ಹಾಕುತ್ತಾರೆ. ಕೇಳಿಸಿಕೊಂಡ ಪದವನ್ನು ಖಾಲಿ ಜಾಗದಲ್ಲಿ ತುಂಬಬೇಕು, 40 ಪ್ರಶ್ನೆ. ಅಲ್ಲಿ ಯಾರೋ ‘ಚೀಪ್’ ಅಂದರು ಅಂತಿಟ್ಟುಕೊಳ್ಳಿ. ಚೀಪ್ ಅಂತ ಬರೆದರೆ ಅಂಕ. ಇಷ್ಟು ಕಷ್ಟಪಟ್ಟು ಕಲಿತವನು ಅಂಥ ಸಾದಾ ಪದ ಬರೆಯಲಿಕ್ಕುಂಟೇ? ‘ಇನೆಕ್ಸ್‌ಪೆನ್ಸಿವ್’ ಅಂತ ಬರೆದೆ. ‘ಬಿಗ್’ ಅಂದಲ್ಲಿ ‘ಕೊಲೋಸಲ್’. ಹೇಳಿದ್ದನ್ನು ಹೇಳಿದ ಹಾಗೆ ಬರೆಯುವುದು ಗುಮಾಸ್ತಿಕೆ ಅನ್ನುವ ಭಾವ ತಲೆಗೇರಿತ್ತು. ಯಂತ್ರದೊಳಗಿನ ಪಾಪದ ಹೆಂಗಸಿನ ಇಂಗ್ಲಿಷನ್ನು ಉದ್ದಕ್ಕೂ ನಾನು ಸುಧಾರಿಸಿಕೊಟ್ಟೆ.

ರೀಡಿಂಗ್ ಬಗ್ಗೆ ಹೇಳುವಂಥದ್ದೇನಿಲ್ಲ. ಅಲ್ಲಿ ಪದ ಬಳಸುವ ಅವಕಾಶ ನನಗೆ ಕೊಟ್ಟಿರಲಿಲ್ಲ, ಆದ್ದರಿಂದ ಚೆನ್ನಾಗಿ ಆಯಿತು.

ರೈಟಿಂಗಿಗೆ ಒಂದು ಗಂಟೆ. ವಲಸೆಗೆ ಬರೆಯುವವರಿಗೆ ಮೊದಲು ಕನಿಷ್ಠ 150 ಪದದ ಒಂದು ಪತ್ರ, ಆಮೇಲೆ 250 ಪದದ ಪ್ರಬಂಧ. ಪತ್ರಕ್ಕೆ ಸುಮಾರು 20 ನಿಮಿಷ, ಪ್ರಬಂಧಕ್ಕೆ 40 ಅಂತ ಅವರೇ ಸಲಹೆ ಕೊಡುತ್ತಾರೆ. ಗೆಳೆಯನಿಗೆ ಪತ್ರವಾದರೆ ಗೆಳೆಯನಿಗೆ ಬರೆದ ಹಾಗಿರಬೇಕು, ಅದಕ್ಕೂ ಅಂಕವಿದೆ. ‘ಬಾರಯ್ಯ, ನಾಲ್ಕು ದಿನ ನಮ್ಮನೆಯಲ್ಲಿದ್ದು ಹೋಗು’ ಅನ್ನುವುದನ್ನು ನಾನು ಹೇಗೆ ಬರೆದೆ ಗೊತ್ತೇ? “ನಾಟ್‌ವಿತ್‌ಸ್ಟ್ಯಾಂಡಿಂಗ್ ಯುವರ್ ಪ್ರೀವಿಯಸ್ ನೆಗ್ಲಿಜೆನ್ಸ್, ಯು ಆರ್ ಹಿಯರ್‌ಬೈ ಇಂಪ್ಲೋರ್ಡ್ ಟು ರಿಸೈಡ್ ವಿತ್ ಅಸ್.” ಅಂಥ ಪತ್ರ ಕೈಗೆ ಬಂದರೆ ಯಾವ ಗೆಳೆಯನೂ ಒಬ್ಬನೇ ಬರುವುದಿಲ್ಲ, ಲಾಯರನ್ನು ಕರೆದುಕೊಂಡೇ ಬರುತ್ತಾನೆ. ಅದನ್ನು ಕೆತ್ತುವುದರಲ್ಲಿ ಗಂಟೆಯ ಅರ್ಧಕ್ಕಿಂತ ಹೆಚ್ಚು ಹೋಗಿತ್ತು.

ಪ್ರಬಂಧದಲ್ಲಿ ವಿಧಿ ನನ್ನೊಡನೆ ಆಟವಾಡಿತು. ಸಮಸ್ಯೆ ಇನ್ನಷ್ಟು ಹದಗೆಡುತ್ತಿದೆ ಅಂತ ಬರೆಯಬೇಕಾದ ಜಾಗ ನಿಜಕ್ಕೂ ಬಂತು. ಎಕ್ಸಾಸರ್ಬೇಟ್! ಈ ಸಲ ಅರ್ಥ ಸರಿ, ಜಾಗ ಸರಿ, ನೆನಪೂ ಸರಿ. ಸ್ಪೆಲಿಂಗ್? ಎಕ್ಸ್ ಆದ ಮೇಲೆ ಎ ಉಂಟೋ, ಸಿ ಒಂದೋ ಎರಡೋ? ಕಂಪ್ಯೂಟರಿನಲ್ಲಿ ಬರೆಯುವವರಿಗೆ ತಪ್ಪಾದರೆ ಕೆಳಗೆ ಕೆಂಪು ಗೆರೆ ಬರುತ್ತದೆ ಅನ್ನುವ ಧೈರ್ಯ ನನಗಿತ್ತು. ಅಲ್ಲಿ ಎಷ್ಟು ಪದವಾಯಿತು ಅಂತ ಲೆಕ್ಕ ತೋರಿಸುತ್ತಾರೆ, ಕೆಂಪು ಗೆರೆ ಇಡುವುದಿಲ್ಲ. ಒಂದು ಬಗೆಯಲ್ಲಿ ಬರೆದೆ, ಅಳಿಸಿದೆ, ಇನ್ನೊಂದು ಬಗೆಯಲ್ಲಿ ಬರೆದೆ, ಬೆರಳಿನಲ್ಲಿ ಮೇಜಿನ ಮೇಲೆ ಗೀಚಿ ನೋಡಿದೆ. ಪರದೆಯ ಮೇಲಿನ ಗಡಿಯಾರ ಕರಗುತ್ತಿತ್ತು. ಕೊನೆಗೆ ಮನಸ್ಸಿನಲ್ಲೇ ಮಾವನ ಕೆಂಪು ಪೆನ್ನನ್ನು ನೆನೆದು, ಆ ಪದವನ್ನು ಕಿತ್ತುಹಾಕಿ ‘ಮೇಕ್ ವರ್ಸ್’ ಅಂತ ಬರೆದೆ. ಸಮಯ ಮುಗಿಯಿತು. ಮುಕ್ತಾಯದ ವಾಕ್ಯ ಅರ್ಧದಲ್ಲೇ ನಿಂತಿತ್ತು, “ಇನ್ ಕನ್‌ಕ್ಲೂಷನ್, ಇಟ್ ಈಸ್” ಅಂತ. ಏನು ಅಂತ ಇವತ್ತಿಗೂ ಗೊತ್ತಿಲ್ಲ.

ಉಳಿದದ್ದು ಸ್ಪೀಕಿಂಗ್. 11ರಿಂದ 14 ನಿಮಿಷದ ಮಾತುಕತೆ. ಎದುರಿಗೆ ಒಬ್ಬ ಪರೀಕ್ಷಕಿ, ನಡುವೆ ಒಂದು ರೆಕಾರ್ಡರ್. ಎರಡನೆಯ ಭಾಗದಲ್ಲಿ ಒಂದು ಕಾರ್ಡ್ ಕೊಟ್ಟು, ಯೋಚಿಸಲು ಒಂದು ನಿಮಿಷ ಕೊಟ್ಟು, ಎರಡು ನಿಮಿಷದವರೆಗೆ ಮಾತಾಡಲು ಬಿಡುತ್ತಾರೆ. ಆಗ ಅವರು ನಡುವೆ ಬಾಯಿ ಹಾಕುವುದಿಲ್ಲ, ಹೂಂಗುಟ್ಟುವುದೂ ಇಲ್ಲ. ಮಾತಿಗೆ ಹೂಂಗುಡುವವರಿಲ್ಲದಿದ್ದರೆ ನಮ್ಮ ಕಡೆಯವರಿಗೆ ಕಥೆ ಮುಂದಕ್ಕೇ ಹೋಗುವುದಿಲ್ಲ. ಊಟದ ವಿಷಯ ಅಂತಿಟ್ಟುಕೊಳ್ಳಿ. ನಾನು ಕಾವೇರಿಯ ಬಗ್ಗೆ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಬಾಯಿಪಾಠದ ಉತ್ತರವನ್ನು ಪರೀಕ್ಷಕರು ಥಟ್ಟನೆ ಹಿಡಿಯುತ್ತಾರೆ ಅಂತ ಕೇಳಿದ್ದರಿಂದ ಕಾವೇರಿಯನ್ನು ಬಿಟ್ಟೆ, ಆದರೆ ಅವಳಿಗೆ ತೊಡಿಸಿದ್ದ ಒಡವೆಗಳನ್ನು ಬಿಡಲು ಮನಸ್ಸಾಗಲಿಲ್ಲ. ಅವನ್ನೆಲ್ಲ ಬಿಚ್ಚಿ ರಾಗಿಮುದ್ದೆಗೆ ತೊಡಿಸಿದೆ.

ಮುದ್ದೆ ಒಂದು ಪಿಕ್ಚರೆಸ್ಕ್ ಪದಾರ್ಥ ಅಂದೆ. ಅದಕ್ಕೆ ಆಕಾರವಿಲ್ಲ ಅನ್ನುವ ‘ಅಮಾರ್ಫಸ್’ ಅಂದು, ಅದೇ ಉಸಿರಿನಲ್ಲಿ ಅದು ದುಂಡಗಿದೆ ಅಂತಲೂ ಅಂದೆ. ಅದು ನಮ್ಮ ಜಿಲ್ಲೆಯ ಉದ್ದಕ್ಕೂ ಹರಿಯುತ್ತದೆ ಅಂತಲೂ ಬಾಯಿಗೆ ಬಂತು, ಕಾವೇರಿಯ ಸಾಲು ಅದು, ಹೇಗೋ ನುಂಗಿಕೊಂಡೆ. ನುಂಗಿದ ಮೇಲೆ ನೆನಪಾಯಿತು, ಮುದ್ದೆಯನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು. ಅದನ್ನೂ ಹೇಳಿದೆ.

ಮೂರನೆಯ ಭಾಗ ಚರ್ಚೆ. ಇಲ್ಲಿ ಅವರು ಮಾತಿಗೆ ಮಾತು ಕೇಳಬಹುದು. ಪರೀಕ್ಷಕಿ ಅಲ್ಲಿಯವರೆಗೆ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದವರು ತಲೆ ಎತ್ತಿದರು. ಅಗಿಯುವುದಿಲ್ಲವೇ? ಯಾಕೆ?

ಕಾರಣ ನನಗೂ ಗೊತ್ತಿಲ್ಲ. ಹಲ್ಲಿಗಂಟುತ್ತದೆ ಅಂದರೆ ಸಾಕಿತ್ತು. “ಇಟ್ ಈಸ್ ಡೆಟ್ರಿಮೆಂಟಲ್,” ಅಂದೆ. ಹಾನಿಕರ.

ಅವರ ಹುಬ್ಬು ಮೇಲೇರಿತು. ಹಾಗಾದರೆ ಯಾರಾದರೂ ಅಗಿದರೆ?

ಜನ ನಗುತ್ತಾರೆ ಅಂತ ಹೇಳಬೇಕಿತ್ತು. ಊರಿನಲ್ಲಿ ಹೊಸಬರು ಯಾರಾದರೂ ಅಗಿದರೆ ಅಜ್ಜಿಯರು ನಗುತ್ತಾರಲ್ಲ, ಅಷ್ಟೇ. ಆದರೆ ‘ಆಸ್ಟ್ರಸೈಸ್’ ಎಂಬ ಪದ ಬಾಗಿಲಲ್ಲಿ ನಿಂತು ಕಾಯುತ್ತಿತ್ತು. “ದೇ ಆರ್ ಆಸ್ಟ್ರಸೈಸ್ಡ್,” ಅಂದೆ. ಅವರಿಗೆ ಬಹಿಷ್ಕಾರ ಹಾಕುತ್ತಾರೆ.

ಪೆನ್ನು ನಿಂತಿತು. ಆಕೆ ತುಂಬಾ ಮೆಲ್ಲಗೆ ಕೇಳಿದರು, ಈ ಪದ್ಧತಿ ನಿಮ್ಮ ಕಡೆ ಸಾಮಾನ್ಯವೇ?

ಆಗ ಬಂತು. ಇಷ್ಟು ದಿನ ಎಲ್ಲಿಯೂ ಜಾಗ ಸಿಗದೆ ಅಲೆಯುತ್ತಿದ್ದದ್ದು, ಸ್ಪೆಲಿಂಗಿನ ಹಂಗಿಲ್ಲದೆ, ತೊದಲದೆ, ಬ್ರಿಟಿಷರೂ ತಲೆದೂಗುವ ಉಚ್ಚಾರದಲ್ಲಿ ಬಂತು. “ಯುಬಿಕ್ವಿಟಸ್,” ಅಂದೆ. ಎಲ್ಲೆಲ್ಲೂ ಇದೆ ಮೇಡಂ.

ಮುದ್ದೆ ಅಗಿದವರನ್ನು ಮಂಡ್ಯ ಜಿಲ್ಲೆಯಾದ್ಯಂತ ಊರಿನಿಂದ ಹೊರಗಿಡುತ್ತಾರೆ ಅನ್ನುವುದಕ್ಕೆ ನನ್ನದೇ ದನಿಯ ಧ್ವನಿಮುದ್ರಿತ ಸಾಕ್ಷ್ಯ ಈಗ ಎಲ್ಲೋ ಒಂದು ಕಡೆ ಭದ್ರವಾಗಿದೆ.

ಫಲಿತಾಂಶ ಬಂತು. ರೀಡಿಂಗ್ ಇದ್ದಲ್ಲೇ ಇತ್ತು. ನನ್ನ ತಿದ್ದುಪಡಿಗಳ ಪುಣ್ಯದಿಂದ ಲಿಸನಿಂಗ್ ಇಳಿದಿತ್ತು, ಮುದ್ದೆಯ ಪುಣ್ಯದಿಂದ ಸ್ಪೀಕಿಂಗೂ ಇಳಿದಿತ್ತು. ಎತ್ತಬೇಕೆಂದು ಇಷ್ಟೆಲ್ಲ ಕಸರತ್ತು ಮಾಡಿದ ರೈಟಿಂಗ್ 6ರಲ್ಲಿ ಕಾಲು ಮೇಲೆ ಕಾಲು ಹಾಕಿಕೊಂಡು ಕೂತೇ ಇತ್ತು. ಮರುಮೌಲ್ಯಮಾಪನಕ್ಕೆ ಹಾಕಬಹುದು, ಅಂಕ ಏರಿದರೆ ಕಟ್ಟಿದ ದುಡ್ಡು ವಾಪಸ್. ನನಗೆ ಯಾರಾದರೂ ಆ ಪತ್ರವನ್ನು ಎರಡನೆಯ ಸಲ ಓದುತ್ತಾರೆ ಅನ್ನುವುದನ್ನೇ ಸಹಿಸಲಾಗಲಿಲ್ಲ.

ರಾತ್ರಿ ಮಾವ ಹತ್ತಿರ ಕೂರಿಸಿಕೊಂಡು, ಏನೇನು ಉತ್ತರ ಹೇಳಿದ್ರಿ ಅಂತ ಕೇಳಿದರು. ಬೇರೆ ದಾರಿಯಿಲ್ಲದೆ ಒಂದೊಂದಾಗಿ ಒಪ್ಪಿಸಿದೆ. ಬಹಿಷ್ಕಾರದ ಹತ್ತಿರ ಬಂದಾಗ ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಅಳಿಯಂದ್ರೆ, ಇನ್ ನಾನು ಮದ್ದೂರ್ಗೆ ಯಾವ್ ಮುಖ ಇಟ್ಕೊಂಡ್ ಹೋಗ್ಲಿ?” ಅಂದರು. ಅತ್ತರೋ ನಕ್ಕರೋ ತಿಳಿಯಲಿಲ್ಲ, ಭುಜ ಮಾತ್ರ ಬಹಳ ಹೊತ್ತು ಕುಣಿಯುತ್ತಿತ್ತು. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಮನೆಯ ಚೀಟಿಗಳೆಲ್ಲ ಮಾಯ. ಊಟದ ಮೇಜಿನ ಮೇಲೆ ಹಾರ್ಲಿಕ್ಸಿನ ಖಾಲಿ ಡಬ್ಬ, ಮುಚ್ಚಳದಲ್ಲಿ ಸೀಳಿದ ತೂತು. ಕಾನೂನು ಮಾವನದು: ನಾನು ಇನ್ನು ಮುಂದೆ ಸಣ್ಣ ಮಾತಿನಲ್ಲಿ ಆಗುವ ಕೆಲಸಕ್ಕೆ ದೊಡ್ಡ ಪದ ಬಳಸಿದರೆ ಪದಕ್ಕೆ ಹತ್ತು ರೂಪಾಯಿ ದಂಡ. ತೀರ್ಪು ಕೊಡುವವಳು ಐದನೇ ಕ್ಲಾಸಿನ ನನ್ನ ಮಗಳು. ಡಬ್ಬದ ದುಡ್ಡು ನ್ಯಾಯಾಧೀಶರಿಗೇ.

ಮೊದಲ ವಾರ ನಾನು ಬಾಯಿ ಬಿಗಿಹಿಡಿದೆ. ಡಬ್ಬ ಖಾಲಿ. ಆದರೆ ಆ ಹುಡುಗಿಗೆ ತಾತನ ಬುದ್ಧಿ ಬಂದಿದೆ. ಸಿಲ್ಕ್ ಬೋರ್ಡಿನ ಕಡೆ ಕೆಲಸವಿದ್ದ ದಿನ ಅಪ್ಪ ಯಾವ ಸ್ಥಿತಿಯಲ್ಲಿ ಮನೆಗೆ ಬರುತ್ತಾನೆಂದು ಗಮನಿಸಿಟ್ಟಿದ್ದಾಳೆ. ಈಗ ಸಂಜೆ ನಾನು ಶೂ ಬಿಚ್ಚುವ ಮೊದಲೇ ಡಬ್ಬ ಹಿಡಿದು ಬಾಗಿಲಲ್ಲಿ ನಿಂತಿರುತ್ತಾಳೆ.

“ಅಪ್ಪಾ, ಟ್ರಾಫಿಕ್ ಹೇಗಿತ್ತು?”

“ಇತ್ತು.”

“ಎಷ್ಟಿತ್ತು?”

“ಜಾಸ್ತಿ ಇತ್ತು ಪುಟ್ಟಾ.”

“ಜಾಸ್ತಿ ಅಂದ್ರೆ? ನಿನ್ನೆಗಿಂತಾನಾ? ಮಳೇನೂ ಬಂತಲ್ವಾ? ಎಷ್ಟೊತ್ತು ಹಾಗೇ ನಿಂತಿದ್ದೆ?”

“ಹೊರೆಂಡಸ್!”

ಡಬ್ಬ ಮುಂದೆ ಬಂತು. ಹತ್ತರ ನೋಟು ತುರುಕುತ್ತಾ ನಾನು ಗೊಣಗಿದೆ, “ಇದು ಎಕ್ಸ್‌ಟಾರ್ಷನ್ ಕಣೇ.”

“ಇಪ್ಪತ್ತು,” ಅಂದಳು.